ಎಣ್ಣೆ ಬಿಟ್ಟವರು

ಮುದ್ರಣಾಲಯದ ಮೂಲೆಯ ಮೇಜಿನಲ್ಲಿ ಕೂತು ಬೇರೆಯವರ ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುವುದು ಅವರ ಉದ್ಯೋಗ. ಕರಡು ತಿದ್ದುವವರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಮಿಕ್ಕ ದಿನ ಯಾರಿಗೂ ನೆನಪಿರುತ್ತಿರಲಿಲ್ಲ; ಎಲ್ಲರ ಬಾಯಲ್ಲೂ ಅವರು 'ಕಾಗುಣಿತ'. ಮದುವೆಯ ಕರೆಯೋಲೆ ಕೈಗೆ ಬಂದರೆ ಮೊದಲು ಒತ್ತಕ್ಷರ ನೋಡಿ, ಆಮೇಲೆ ಮದುವೆ ಯಾರದೆಂದು ನೋಡುವ ಆಸಾಮಿ. ಬಸ್ಸಿನ ಬೋರ್ಡು, ಔಷಧದ ಚೀಟಿ, ಸಾವಿನ ಸುದ್ದಿ ಯಾವುದನ್ನೂ ತಿದ್ದದೆ ಬಿಟ್ಟವರಲ್ಲ. ಇಂಥ ಮನುಷ್ಯ ಎರಡೇ ಅಕ್ಷರದ ಒಂದು ಪದದ ಮೇಲೆ ಕಾಲು ಜಾರಿ ಬಿದ್ದರು ಎಂದರೆ ಯಾರು ನಂಬುತ್ತಾರೆ? ಯಾರೂ ನಂಬಲಿಲ್ಲ. ಇವತ್ತಿಗೂ ನಂಬಿಲ್ಲ. ತೊಂದರೆ ಅದೇ.

ಶಾಲೆಯಿಂದ ಬರುವ ಇಬ್ಬರು ಹೆಣ್ಣುಮಕ್ಕಳಿಗೆ ಸಂಜೆಯ ತಿಂಡಿ ಮಾಡುವುದು ಕಾಗುಣಿತರ ಪಾಲಿನ ಕೆಲಸ. ಹೆಂಡತಿ ಬಸ್ ಕಂಡಕ್ಟರ್; ಮಧ್ಯಾಹ್ನ ಟಿಕೆಟ್ ಚೀಲ ಹೆಗಲಿಗೇರಿಸಿ ಹೊರಟರೆ ಮರಳುವುದು ಕತ್ತಲಾದ ಮೇಲೆ. ಇವರದು ಬೆಳಗಿನ ಪಾಳಿ. ತಿಂಡಿಯ ಪದ್ಧತಿಯೂ ಸರಳವಾಗಿತ್ತು: ಬಾಣಲೆ ಇಡುವುದು, ಎಣ್ಣೆ ಸುರಿಯುವುದು, ಆಲೂಗಡ್ಡೆ ಹೆಚ್ಚಿ ಬಿಡುವುದು, ತಟ್ಟೆಗೆ ತೆಗೆಯುವುದು. ಮಕ್ಕಳು ಸುಖಿ, ಅಪ್ಪ ಸುಖಿ, ಬಾಣಲೆ ಉಜ್ಜುವ ಹೆಂಡತಿಯೊಬ್ಬಳು ಮಾತ್ರ ಗೊಣಗುತ್ತಿದ್ದಳು.

ಆಗ ಮುದ್ರಣಾಲಯಕ್ಕೆ ಒಂದು ಪುಟ್ಟ ಪುಸ್ತಕ ಅಚ್ಚಿಗೆ ಬಂತು. ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಏನು ತಿನ್ನಿಸಬೇಕು ಎಂಬ ವಿಷಯದ್ದು. ಕಾಗುಣಿತರು ಅದನ್ನು ಮೂರು ಸಲ ಓದಿದರು. ಮೊದಲ ಸಲ ತಪ್ಪಿಗಾಗಿ, ಎರಡನೆಯ ಸಲ ಅಲ್ಪವಿರಾಮಕ್ಕಾಗಿ. ಮೂರನೆಯ ಸಲ ಓದುವಷ್ಟರಲ್ಲಿ ಆ ಪುಸ್ತಕವನ್ನು ತಾವೇ ಬರೆದ ಹಾಗೆ ಅನ್ನಿಸತೊಡಗಿತು. ಕರಡು ತಿದ್ದುವವರಿಗೆ ಅಂಟಿಕೊಳ್ಳುವ ಕಾಯಿಲೆ ಇದು. ಹಿಂದೊಮ್ಮೆ ಕಾನೂನಿನ ಪುಸ್ತಕ ತಿದ್ದಿದಾಗ ಅವರು ಮನೆ ಮಾಲೀಕನಿಗೆ ನೋಟಿಸು ಕೊಡಲು ಹೊರಟಿದ್ದರು.

ಮರುದಿನ ರಜೆ. ಹೆಂಡತಿ ಮಕ್ಕಳನ್ನು ಅಡುಗೆಮನೆಯಲ್ಲಿ ಸಾಲಾಗಿ ನಿಲ್ಲಿಸಿ ಘೋಷಿಸಿದರು: "ಇವತ್ತಿಂದ ಈ ಮನೇಲಿ ಎಣ್ಣೆ ಬಂದ್. ಬೇಯಿಸಿದ್ದು, ಹಸೀದು, ಮೊಳಕೆ ಬಂದಿದ್ದು. ಅಷ್ಟೇ."

"ನಿಮ್ಮ ಕೈಲಾಗುತ್ತಾ?" ಅಂದಳು ಹೆಂಡತಿ.

"ಅಪ್ಪ ಹೇಳಿದ ಮೇಲೆ ಮುಗೀತಮ್ಮ," ಅಂದಳು ನಾಲ್ಕನೇ ತರಗತಿಯ ದೊಡ್ಡವಳು. "ನಮ್ಮಪ್ಪ ಸುಳ್ಳು ಹೇಳಲ್ಲ."

ಚಿಕ್ಕವಳು ಬಾಣಲೆಯನ್ನು ನೋಡಿ ಅಳಲು ಶುರು ಮಾಡಿದಳು. ಮನೆಯಲ್ಲಿ ಮುಂದಾಗುವುದನ್ನು ಸರಿಯಾಗಿ ಗ್ರಹಿಸಿದವಳು ಅವಳೊಬ್ಬಳೇ.

ಇನ್ನು ಮೇಲಿನ ಮನೆಯ ನರ್ಸಮ್ಮ. ನಿವೃತ್ತ ದಾದಿ, ಅರ್ಧ ಊರಿಗೆ ಸೂಜಿ ಚುಚ್ಚಿದ ಕೈ. ಮೆಟ್ಟಿಲ ಮೇಲೆ ಎದುರಾದವರು ಕಾಗುಣಿತರ ಮುಖ ನೋಡಿ ನಿಂತರು.

"ಏನ್ರೀ, ಮುಖದಲ್ಲಿ ಏನೋ ಕಳೆ ಬಂದಿದೆ ಇವತ್ತು?"

"ಎಣ್ಣೆ ಬಿಟ್ಟೆ ನರ್ಸಮ್ಮ."

ನರ್ಸಮ್ಮ ಕಟಕಟೆ ಹಿಡಿದುಕೊಂಡರು. "ಇಷ್ಟು ವರ್ಷ ನಮಗೆ ಗೊತ್ತೇ ಆಗಲಿಲ್ವಲ್ರೀ!"

"ಹೊರಗಡೆ ಕಡಿಮೆ. ಎಲ್ಲ ಮನೇಲೇ. ಸಂಜೆ, ಮಕ್ಕಳು ಶಾಲೆಯಿಂದ ಬರೋ ಹೊತ್ತಿಗೆ. ಅವರ ಮುಖ ನೋಡಿದೆ, ಸಾಕು ಅನ್ನಿಸ್ತು."

"ಪಾಪ, ಆ ತಾಯಿ ಬಸ್ಸಲ್ಲಿ ನಿಂತು ದುಡಿಯೋದು..."

"ಅವಳಿಗೂ ಇಷ್ಟ ಇತ್ತು ನರ್ಸಮ್ಮ, ಸುಳ್ಳು ಯಾಕೆ ಹೇಳ್ಲಿ. ರಜಾ ದಿನ ಎಲ್ಲ ಒಟ್ಟಿಗೇ ಕೂರ್ತಿದ್ವಿ."

ನಮ್ಮ ಭಾಷೆಯಲ್ಲಿ ಎಣ್ಣೆ ಎರಡು ಬಗೆ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಬಾಣಲೆಗೆ ಬೀಳುವುದು, ಇನ್ನೊಂದು ಮನುಷ್ಯನನ್ನು ಚರಂಡಿಗೆ ಬೀಳಿಸುವುದು. ಎರಡನೆಯ ಅರ್ಥ ಕಾಗುಣಿತರ ಕಿವಿಗೆ ಬಿದ್ದಿರಲಿಲ್ಲವೆಂದಲ್ಲ. ಅದು ಅಶುದ್ಧ ಪ್ರಯೋಗವೆಂದು ತಲೆಯೊಳಗೇ ಕೆಂಪು ಗೆರೆ ಎಳೆದು ಎಂದೋ ಹೊಡೆದುಹಾಕಿದ್ದರು. ನರ್ಸಮ್ಮ ಅಂಥ ಯಾವ ತಿದ್ದುಪಡಿಯನ್ನೂ ಮಾಡಿಕೊಂಡಿರಲಿಲ್ಲ.

ಸುದ್ದಿ ಬೀದಿ ತುಂಬಿತು. ಮುದ್ರಣಾಲಯದ ಮಾಲೀಕರು ಕಾಗುಣಿತರ ಬೆರಳುಗಳನ್ನು ಹಿಡಿದು, "ಕೈ ನಡುಗ್ತಿಲ್ಲ ತಾನೆ?" ಎಂದು ವಿಚಾರಿಸಿದರು. "ಬೀಟ್‌ರೂಟ್ ಹೆಚ್ಚಿ ಹೆಚ್ಚಿ ಇನ್ನೂ ಗಟ್ಟಿ ಆಗಿದೆ ಸರ್," ಅಂದರು ಇವರು. ಪಾಳಿ ಮುಗಿದ ಮೇಲೆ ಕದ್ದು ಬೇರೆ ದಾರಿ ಹಿಡಿಯುತ್ತಿದ್ದ ಇಬ್ಬರು ಅಚ್ಚಿನವರು ಇವರನ್ನು ಕಂಡರೆ ತಲೆ ತಗ್ಗಿಸಿ ನಡೆಯತೊಡಗಿದರು. ಒಂದು ಆಲೂಗಡ್ಡೆ ಬಿಟ್ಟದ್ದಕ್ಕೆ ಇಷ್ಟೊಂದು ಮರ್ಯಾದೆಯೇ ಎಂದು ಕಾಗುಣಿತರಿಗೆ ಆಶ್ಚರ್ಯವಾದರೂ, ಮರ್ಯಾದೆ ತಾನಾಗಿ ಬಂದಾಗ ಅದರ ಕಾಗುಣಿತ ನೋಡುವ ಅಭ್ಯಾಸ ಯಾರಿಗೂ ಇರುವುದಿಲ್ಲ.

ಬಸ್ಸಿನಲ್ಲಿ ದಿನಾ ಬರುವ ಹೆಂಗಸೊಬ್ಬಳು ಟಿಕೆಟ್ ಪಡೆಯುತ್ತಾ ಹೆಂಡತಿಯ ಕೈ ಒತ್ತಿದಳು. "ನಿಮ್ಮೆಜಮಾನ್ರು ಎಣ್ಣೆ ಬಿಟ್ರಂತೆ. ಪುಣ್ಯ ಮಾಡಿದೀರಮ್ಮ."

"ಬಿಟ್ರು. ಮನೇಲಿ ಒಂದು ಹನಿ ಇಲ್ಲ."

"ಇದ್ದಿದ್ದನ್ನ ಚೆಲ್ಲಿಬಿಟ್ರಾ?"

"ಚೆಲ್ಲೋದ್ಯಾಕೆ? ನಮ್ಮಮ್ಮನಿಗೆ ಕೊಟ್ಟೆ. ಈ ವಯಸ್ಸಲ್ಲೂ ಅವರಿಗೆ ಎಣ್ಣೆ ಇಲ್ದೆ ಊಟ ಸೇರಲ್ಲ."

ಒತ್ತಿದ್ದ ಕೈಯನ್ನು ಬಿಟ್ಟು ಹೆಂಗಸು ಮುಂದಿನ ಸೀಟಿನವಳ ಕಿವಿಗೆ ಬಾಗಿದಳು.

ಶಾಲೆಗೂ ಸುದ್ದಿ ಮುಟ್ಟಿತು. ಮುಟ್ಟಿಸಿದವಳು ದೊಡ್ಡವಳೇ. ಹೆಡ್ ಮಿಸ್ಸು ಫೋನ್ ಮಾಡಿದರು. "ಸರ್, ಪೋಷಕರ ಸಭೆ ಇದೆ, ಒಳ್ಳೆಯ ಅಭ್ಯಾಸಗಳ ದಿನ ಅಂತ. ಎಣ್ಣೆ ಬಿಟ್ಟ ಅನುಭವ ನೀವು ವೇದಿಕೆ ಮೇಲೆ ಹೇಳ್ಬೇಕು. ಎಷ್ಟೋ ಮನೆ ಉಳಿಯುತ್ತೆ."

"ಮನೆ ಗೊತ್ತಿಲ್ಲ ಮಿಸ್, ಹೊಟ್ಟೆಯಂತೂ ಉಳಿಯುತ್ತೆ."

"ಲಿವರ್ ಕೂಡ!" ಅಂದರು ಹೆಡ್ ಮಿಸ್ಸು. ಪುಸ್ತಕದಲ್ಲಿ ಲಿವರ್ ವಿಷಯ ಇರಲಿಲ್ಲ. ಮರುಮುದ್ರಣದಲ್ಲಿ ಸೇರಿಸಲು ಹೇಳಬೇಕೆಂದು ಕಾಗುಣಿತರು ಮನಸ್ಸಿನಲ್ಲೇ ಗುರುತು ಹಾಕಿಕೊಂಡರು. "ಬರೋವಾಗ ನಿಮ್ಮ ಕೈಯಾರೆ ಏನಾದ್ರೂ ಮಾಡಿ ತನ್ನಿ ಸರ್. ಎಲ್ಲರಿಗೂ ಧೈರ್ಯ ಬರುತ್ತೆ," ಎಂದೂ ಸೇರಿಸಿದರು ಮಿಸ್ಸು.

ಹೊರಗೆ ಕೀರ್ತಿ ಹೀಗೆ ಉಬ್ಬುತ್ತಿದ್ದರೆ ಅಡುಗೆಮನೆಯಲ್ಲಿ ಇವರ ಬೇಳೆ ಬೇಯುತ್ತಿರಲಿಲ್ಲ. ಬೇಯುತ್ತಿದ್ದದ್ದು ಬೀಟ್‌ರೂಟ್. ಹಬೆಯಲ್ಲಿ ಬೆಂದ ಆ ಬಿಲ್ಲೆಗಳು ಆಫೀಸಿನ ಮೊಹರಿನ ಹಾಗೆ ಮುಟ್ಟಿದ್ದಕ್ಕೆಲ್ಲ ಬಣ್ಣ ಹಚ್ಚುತ್ತಿದ್ದವು, ರುಚಿಯೂ ಮೊಹರಿನದೇ. ಚಿಕ್ಕವಳು ತನ್ನ ಪಾಲನ್ನು ಕಿಟಕಿಯಾಚೆ ಎಸೆದಳು. ಕೆಳಗಿನ ಮನೆಯವರು ಒಣಗಲು ಹಾಕಿದ್ದ ಬಿಳಿ ಹೊದಿಕೆಯನ್ನು ಎತ್ತಿ ತೋರಿಸಿ ಜಗಳಕ್ಕೆ ಬಂದರು. ನೆನೆಸಿದ ಕಾಳನ್ನು ಕೊಟ್ಟರೆ ಶೂಸಿನೊಳಗೆ ತುಂಬಿದಳು. ಅಲ್ಲೇ ಮೊಳಕೆ ಬಂದವು. ಪುಸ್ತಕದ ಪ್ರಕಾರ ಅದು ಪ್ರಗತಿ.

ದೊಡ್ಡವಳು ಮಾತ್ರ ತಿಂದಳು. ಒಂದು ತುತ್ತು, ಒಂದು ಗುಟುಕು ನೀರು, ಮತ್ತೆ ಒಂದು ತುತ್ತು. "ಹೇಗಿದೆ?" ಅಂದರೆ, "ಚೆನ್ನಾಗಿದೆ ಅಪ್ಪಾ," ಅನ್ನುವಳು, ಕಣ್ಣಲ್ಲಿ ನೀರು ತುಂಬಿಕೊಂಡು. ಆರೋಗ್ಯಕ್ಕೂ ರುಚಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಎಂಬುದನ್ನು ಆ ಪುಸ್ತಕ ಬರೆದವರು ಎಲ್ಲೂ ಒಪ್ಪಿಕೊಂಡಿರಲಿಲ್ಲ.

ಈ ಬಿಲ್ಲೆಗಳನ್ನು ಸಭೆಗೆ ಒಯ್ದರೆ ಮಾನ ಹೋದಂತೆಯೇ. ಕಾಗುಣಿತರು ಸೋತರು. ಪಕ್ಕದ ಅಂಗಡಿಯವನ ಮುಂದೆ ದೊಡ್ಡ ಮಾತಾಡಿದ್ದರಿಂದ ಅಲ್ಲಿ ಕೇಳಲು ಮುಖವಿರಲಿಲ್ಲ. ಮೂರು ಬೀದಿ ದಾಟಿ, ಗುರುತಿಲ್ಲದ ಅಂಗಡಿಯಲ್ಲಿ ಒಂದು ಪುಟ್ಟ ಗಾಜಿನ ಬಾಟಲಿ ಕೊಂಡು, ಕರಡು ಹಾಳೆಯಲ್ಲಿ ಸುತ್ತಿ, ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟರು. ಹೆಂಡತಿ ಹೊರಟ ಮೇಲೆ, ಮಕ್ಕಳು ಬರುವ ಮೊದಲು, ಕಿಟಕಿ ತೆರೆದು, ಫ್ಯಾನು ತಿರುಗಿಸಿ, ಕ್ಯಾರೆಟ್ ಆಲೂಗಡ್ಡೆ ತುರಿದು ತಟ್ಟಿ ಕರಿಯುವುದು. ಕರಿದದ್ದನ್ನು ಅದೇ ಪುಸ್ತಕದ ಕರಡು ಹಾಳೆಗಳ ಅಚ್ಚಾಗದ ಬದಿಗೆ ಒತ್ತಿ ಒತ್ತಿ ಜಿಡ್ಡು ತೆಗೆಯುವುದು. ಹಾಳೆ ಪಾರದರ್ಶಕವಾಗಿ, ಆಚೆ ಬದಿಯ 'ಎಣ್ಣೆಯನ್ನು ದೂರವಿಡಿ' ಎಂಬ ಸಾಲು ಈಚೆಗೆ ತಿರುವುಮುರುವಾಗಿ ಕಾಣುತ್ತಿತ್ತು. ಕಾಗುಣಿತರು ಆ ಕಡೆ ನೋಡುತ್ತಿರಲಿಲ್ಲ. ತಪ್ಪನ್ನು ಕಂಡೂ ನೋಡದೆ ಇರುವುದು ಅವರ ವೃತ್ತಿಜೀವನದಲ್ಲಿ ಅದೇ ಮೊದಲು.

"ಎಷ್ಟು ಚೆನ್ನಾಗಿದೆ!" ಅಂದಳು ದೊಡ್ಡವಳು. "ಎಣ್ಣೆ ಇಲ್ದೆ ಹೇಗಪ್ಪಾ ಇಷ್ಟು ಗರಿಗರಿ?"

"ಒಣಶಾಖ."

"ಒಣಶಾಖ ಅಂದ್ರೇನು?"

"ಶಾಖ ಇರುತ್ತೆ, ಆದ್ರೆ ಒಣಗಿರುತ್ತೆ."

ಅವಳು ಅದನ್ನು ತರಗತಿಯಲ್ಲೆಲ್ಲ ಹೇಳಿಕೊಟ್ಟು ಬಂದಳು. ಅವಳು ತಟ್ಟೆ ನೆಕ್ಕುವುದನ್ನು ನೋಡುವಾಗ ಕಾಗುಣಿತರಿಗೆ ಕಿವಿಯವರೆಗೂ ಬಿಸಿಯಾಗುತ್ತಿತ್ತು. ನಾಚಿಕೆ ಎಂಬುದು ಕೂಡ ಒಂದು ಬಗೆಯ ಒಣಶಾಖವೇ.

ಸಭೆಯ ಹಿಂದಿನ ದಿನ ಖಾಲಿ ಬಾಟಲಿಯನ್ನು ಕಾಗದದಲ್ಲಿ ಸುತ್ತಿ, ಅಂಗಿಯೊಳಗೆ ತೂರಿಸಿ, ಹಿತ್ತಲ ಕಸದ ತೊಟ್ಟಿಗೆ ಹೋದರು. ಹಾಕುವಾಗ ಠಣ್ ಅಂತು. ತೊಟ್ಟಿಯ ಆಚೆ ಬದಿಯಲ್ಲಿ ನರ್ಸಮ್ಮ ನಿಂತಿದ್ದರು.

"ಮತ್ತೆ ಶುರು ಮಾಡಿದ್ರಾ?"

ಕಾಗುಣಿತರ ತಲೆ ಎದೆಗೆ ತಗುಲಿತು. "ತಡೆಯಕ್ಕಾಗಲಿಲ್ಲ ನರ್ಸಮ್ಮ. ನನಗೋಸ್ಕರ ಅಲ್ಲ, ಮಕ್ಕಳಿಗೋಸ್ಕರ."

"ಮಕ್ಕಳಿಗೋಸ್ಕರ?"

"ಅವರಿಗೆ ಗೊತ್ತಿಲ್ಲ. ಗೊತ್ತಾಗದ ಹಾಗೆ ತಿಂಡೀಲಿ ಸೇರಿಸಿ ಕೊಡ್ತೀನಿ. ಚಪ್ಪರಿಸಿಕೊಂಡು ತಿಂತಾರೆ. ಚಿಕ್ಕವಳಂತೂ ಅದಿಲ್ದಿದ್ರೆ ಅತ್ತು ರಂಪ ಮಾಡ್ತಾಳೆ."

ಎಷ್ಟೋ ಆಪರೇಷನ್ನುಗಳನ್ನು ಕಣ್ಣು ಮಿಟುಕಿಸದೆ ನೋಡಿದ ನರ್ಸಮ್ಮ ತೊಟ್ಟಿಯ ಅಂಚು ಹಿಡಿದು ಕುಸಿದರು. ಎದ್ದವರೇ ಬೆರಳು ತೋರಿಸಿ ಅಂದರು: "ನಾಳೆ ಸಭೇಲಿ ನೀವಾಗೇ ಎಲ್ಲರ ಮುಂದೆ ಒಪ್ಪಿಕೊಳ್ಳಿ. ಇಲ್ದಿದ್ರೆ ನಾನೇ ಎದ್ದು ನಿಂತು ಹೇಳ್ತೀನಿ. ಇದು ಮಕ್ಕಳ ಜೀವದ ಪ್ರಶ್ನೆ."

ಕರಿದ ಆಲೂಗಡ್ಡೆಗೆ ಜೀವದ ಪ್ರಶ್ನೆ ಸ್ವಲ್ಪ ಹೆಚ್ಚಾಯಿತು ಎಂದು ಕಾಗುಣಿತರಿಗೆ ಅನ್ನಿಸಿತು. ಆದರೆ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು ಕಟ್ಟುನಿಟ್ಟು.

ಸಭೆಯ ದಿನ ಶಾಲೆಯ ಸಭಾಂಗಣ ಕಿಕ್ಕಿರಿದಿತ್ತು. ಎರಡನೇ ಬಾಟಲಿಯ ಕೃಪೆಯಿಂದ ಒಂದು ಡಬ್ಬ ತುಂಬ ಬಿಲ್ಲೆಗಳು ತಯಾರಾಗಿದ್ದವು. ದೊಡ್ಡವಳು ಅವನ್ನು ತಟ್ಟೆಗೆ ಸುರಿದುಕೊಂಡು, ಎರಡು ಜಡೆ ಬಿಗಿಯಾಗಿ ಕಟ್ಟಿಕೊಂಡು, ಸಾಲು ಸಾಲಿಗೂ ಹೋದಳು. "ತಗೊಳ್ಳಿ ಆಂಟಿ. ನಮ್ಮಪ್ಪ ಒಂದು ಹನಿ ಎಣ್ಣೆ ಇಲ್ದೆ ಮಾಡಿದ್ದು!"

ತಾಯಂದಿರು ಕಣ್ಣೊರೆಸಿಕೊಂಡು ಎರಡೆರಡು ತೆಗೆದುಕೊಂಡರು. ಪಕ್ಕದ ಹುಡುಗಿಯೊಬ್ಬಳು, "ನಿಜವಾಗ್ಲೂ?" ಅಂದಳು. "ಬೇಕಾದ್ರೆ ನಮ್ಮಪ್ಪನ್ನೇ ಕೇಳು. ನಮ್ಮಪ್ಪ ಸುಳ್ಳು ಹೇಳಲ್ಲ," ಅಂದಳು ದೊಡ್ಡವಳು. ಅವಳ ದನಿ ವೇದಿಕೆಯವರೆಗೂ ಕೇಳಿಸಿತು. ಅಲ್ಲಿ ಕುರ್ಚಿಯ ಮೇಲೆ ಕೂತಿದ್ದ ಕಾಗುಣಿತರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಮೈಕಿನ ಮುಂದೆ ನಿಂತರು. ಮೂರನೇ ಸಾಲಿನಲ್ಲಿ ನರ್ಸಮ್ಮ ಎದ್ದು ನಿಲ್ಲಲು ತಯಾರಾಗಿ ಸೆರಗು ಸಿಕ್ಕಿಸಿಕೊಂಡಿದ್ದರು. ಆದರೆ ಕಾಗುಣಿತರು ನೋಡುತ್ತಿದ್ದದ್ದು ನರ್ಸಮ್ಮನನ್ನಲ್ಲ, ತಟ್ಟೆ ಹಿಡಿದು ನಿಂತ ಎರಡು ಜಡೆಯನ್ನು.

"ನಾನು ಎಣ್ಣೆ ಬಿಟ್ಟಿಲ್ಲ," ಅಂದರು.

ಬಿಲ್ಲೆ ಅಗಿಯುತ್ತಿದ್ದ ಬಾಯಿಗಳು ನಿಂತವು.

"ಬಿಟ್ಟೆ ಅಂದೆ. ಕೆಲವು ದಿನ ಬಿಟ್ಟೂ ಇದ್ದೆ. ಆಮೇಲೆ ಆಗಲಿಲ್ಲ. ದೂರದ ಅಂಗಡಿಯಿಂದ ಬಾಟಲಿ ತಂದು, ಕಾಗದ ಸುತ್ತಿ, ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಹೆಂಡತಿ ಡ್ಯೂಟಿಗೆ ಹೋದ ಮೇಲೆ ತೆಗೀತಿದ್ದೆ. ವಾಸನೆ ಬರಬಾರದು ಅಂತ ಫ್ಯಾನ್ ಹಾಕ್ತಿದ್ದೆ. ಇವತ್ತು, ಇಲ್ಲಿಗೆ ಬರೋ ಮುಂಚೆ ಕೂಡ..." ಮೈಕಿನ ಹತ್ತಿರಕ್ಕೆ ಬಾಗಿದರು. "ನನ್ನ ಮಗಳು ಎಲ್ಲರ ಹತ್ರ ನಮ್ಮಪ್ಪ ಸುಳ್ಳು ಹೇಳಲ್ಲ ಅಂತಾಳೆ. ಅವಳ ಮುಖ ನೋಡೋಕೆ ನನಗೆ ನಾಚಿಕೆ ಆಗುತ್ತೆ."

ಸಭಾಂಗಣದಲ್ಲಿ ಮೂಗು ಸೇದುವ ಸದ್ದು. ಹಿಂದಿನ ಸಾಲಿನ ಅಪ್ಪನೊಬ್ಬ ಎದ್ದು ನಿಂತು, "ನಾನೂ ಬಿಟ್ಟಿಲ್ಲ!" ಎಂದು ಕೂಗಿದ. ಅವನ ಹೆಂಡತಿ ಅಂಗಿ ಹಿಡಿದು ಕೂರಿಸುವಷ್ಟರಲ್ಲಿ ಇನ್ನೊಂದು ಮೂಲೆಯಿಂದ, "ನಾನೂನೂ!" ಎಂದು ಕೇಳಿಸಿತು. ಅಷ್ಟರಲ್ಲಿ ಮುಖ್ಯ ಅತಿಥಿಯಾದ ಡಾಕ್ಟರು ದಾಪುಗಾಲಲ್ಲಿ ಬಂದು ಕಾಗುಣಿತರನ್ನು ತಬ್ಬಿಕೊಂಡರು.

"ಭೇಷ್! ಇನ್ನು ಎಲ್ಲ ಬಿಚ್ಚಿ ಹೇಳಿ. ದಿನಾ ಎಷ್ಟು ಹಾಕ್ತಿದ್ರಿ?"

"ಮುಕ್ಕಾಲು ಬಾಣಲೆ."

"ಬಾಣಲೇಲೇ?"

"ಚಿಕ್ಕ ಬಾಣಲೆ."

"ನೀರು ಬೆರೆಸ್ತಿರಲಿಲ್ವ?"

"ನೀರು ಬಿದ್ರೆ ಮುಖಕ್ಕೆ ಸಿಡಿಯುತ್ತಲ್ಲ ಡಾಕ್ಟ್ರೇ!"

ಡಾಕ್ಟರು ಸಭೆಯ ಕಡೆ ತಿರುಗಿ ಗಂಭೀರವಾಗಿ, "ಕೊನೇ ಹಂತ," ಅಂದರು. ಯಾವುದರ ಕೊನೆಯ ಹಂತ ಎಂದು ತಿಳಿಯದೆ ಕಾಗುಣಿತರು ಸುತ್ತಲೂ ನೋಡಿದರು. ಹಿಂದಿನ ಗೋಡೆಯ ಮೇಲೆ ಬಟ್ಟೆಯ ಬ್ಯಾನರು: 'ಮದ್ಯಮುಕ್ತ ಮನೆ, ಮಕ್ಕಳಿಗೆ ರಕ್ಷಣೆ'. ಅಭ್ಯಾಸಬಲದಿಂದ ಮೊದಲು ಕಾಗುಣಿತ ನೋಡಿದರು. ತಪ್ಪಿರಲಿಲ್ಲ. ಆಮೇಲೆ ಅರ್ಥ ನೋಡಿದರು.

ಮೆಟ್ಟಿಲು, ಮಾಲೀಕರು ಹಿಡಿದ ಬೆರಳು, ಹೆಡ್ ಮಿಸ್ಸಿನ ಲಿವರ್, ಕಸದ ತೊಟ್ಟಿ ಎಲ್ಲ ಒಂದರ ಹಿಂದೊಂದು ತಲೆಯೊಳಗೆ ಅಚ್ಚಾದವು. "ಅಯ್ಯೋ! ನಾನು ಹೇಳಿದ್ದು ಅಡುಗೆ ಎಣ್ಣೆ! ಕರಿಯೋ ಎಣ್ಣೆ!" ಎಂದು ಮೈಕಿನಲ್ಲಿ ಕಿರುಚಿದರು.

ಡಾಕ್ಟರು ಬೆನ್ನು ಸವರಿದರು. "ಒಪ್ಪಿಕೊಂಡ ತಕ್ಷಣ ಹೆದರಿಕೆ ಆಗುತ್ತೆ, ಅಲ್ಲ ಅನ್ನೋ ಹಾಗಾಗುತ್ತೆ. ಸಹಜ. ಚಪ್ಪಾಳೆ ತಟ್ಟಿ ಇವರಿಗೆ."

ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ತಟ್ಟದಿದ್ದವಳು ಒಬ್ಬಳೇ. ತಟ್ಟೆಯಲ್ಲಿ ಉಳಿದಿದ್ದ ಒಂದು ಬಿಲ್ಲೆಯನ್ನು ದೊಡ್ಡವಳು ಹೆಬ್ಬೆರಳಿನಿಂದ ಒತ್ತಿದಳು. ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಬೆರಳು ಹೊಳೆಯುತ್ತಿತ್ತು. ಆ ಸಭೆಯಲ್ಲಿ ಅಪ್ಪನ ಮಾತನ್ನು ಅಕ್ಷರಶಃ ನಂಬಿದವಳು ಅವಳೊಬ್ಬಳೇ.

ಮನೆಗೆ ನಡೆಯುವಾಗ ಅವಳು ತಂಗಿಯ ಕೈ ಹಿಡಿದಿದ್ದಳು, ಅಪ್ಪನ ಕೈ ಹಿಡಿಯಲಿಲ್ಲ.

"ಒಣಶಾಖ ಅಂದಿದ್ದೆ ನೀನು," ಅಂದಳು.

"ಅಂದಿದ್ದೆ."

"ನಾನು ಇಡೀ ಕ್ಲಾಸಿಗೆ ಹೇಳಿಕೊಟ್ಟಿದೀನಿ."

ಕಾಗುಣಿತರು ಬೇಗ ಹೆಜ್ಜೆ ಹಾಕಿ ಅವಳ ಪಕ್ಕಕ್ಕೆ ಬಂದರು. "ಎಲ್ಲರಿಗೂ ನಿಜ ಹೇಳಿಬಿಡ್ತೀನಿ ಪುಟ್ಟೀ. ಕುಡುಕ ಅಲ್ಲ, ಸುಳ್ಳ ಅಂತ."

ಅವಳು ಸ್ವಲ್ಪ ದೂರ ಯೋಚಿಸಿಕೊಂಡೇ ನಡೆದಳು. "ಬೇಡ. ಕುಡುಕ ಅಂದ್ರೆ ಎಲ್ಲರೂ ಅಯ್ಯೋ ಪಾಪ ಅಂತಾರೆ." ಇನ್ನೂ ನಾಲ್ಕು ಹೆಜ್ಜೆಯಾದ ಮೇಲೆ ತಿರುಗಿ ನೋಡದೆ ಅಂದಳು: "ನಾನು ಬೀಟ್‌ರೂಟ್ ತಿಂತಾನೇ ಇದ್ನಲ್ಲಪ್ಪಾ."

ಆ ಮಾತಿಗಿಂತ ಡಾಕ್ಟರ ಕೊನೆಯ ಹಂತವೇ ವಾಸಿಯಿತ್ತು.

ಹೆಂಡತಿ ಡ್ಯೂಟಿ ಮುಗಿಸಿ ಬಂದವಳು ಕಥೆ ಕೇಳಿ ನೆಲದ ಮೇಲೆ ಕೂತು ನಕ್ಕಳು. ಅಕ್ಕಿ ಡಬ್ಬದ ಹಿಂದೆ ಕೈ ಹಾಕಿ ಎರಡನೇ ಬಾಟಲಿ ತೆಗೆದ ಮೇಲೆ ನಗು ನಿಂತಿತು. "ನಮ್ಮಮ್ಮನ್ನ ಸುಮ್ಮಸುಮ್ಮನೆ ಕುಡುಕಿ ಮಾಡಿಬಿಟ್ರಲ್ರೀ," ಅಂದಳು, ಅಷ್ಟೇ. ಕಾಗುಣಿತರು ಮರುದಿನ ಹೆಡ್ ಮಿಸ್ಸಿನ ಬಳಿ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದರು. ಮಿಸ್ಸು ತಾಳ್ಮೆಯಿಂದ ತಲೆದೂಗಿ, "ಹೀಗೆ ಹೇಳ್ತಾರೆ, ಕೇಳಿಸ್ಕೊಳ್ಳಿ, ಆದ್ರೆ ನಂಬಬೇಡಿ ಅಂತ ಡಾಕ್ಟ್ರು ಮೊದಲೇ ಹೇಳಿದ್ರು ಸರ್," ಅಂದರು. ನರ್ಸಮ್ಮನಂತೂ ಈಗ ಮೆಟ್ಟಿಲ ಮೇಲೆ ಕಾದು ನಿಲ್ಲುತ್ತಾರೆ. "ಎಲ್ಲಿ, ಊದಿ," ಅನ್ನುತ್ತಾರೆ. ಕಾಗುಣಿತರು ಊದುತ್ತಾರೆ. "ಇವತ್ತು ಒಳ್ಳೇವರು," ಎಂದು ದಾರಿ ಬಿಡುತ್ತಾರೆ.

ಮಿಸ್ಸಿನಿಂದ ಬೈಸಿಕೊಳ್ಳದೆಯೇ ಮರಳಿದ ಆ ಸಂಜೆ ಕಾಗುಣಿತರು ಅಡುಗೆಮನೆಯ ಕಿಟಕಿ ತೆರೆಯಲಿಲ್ಲ, ಫ್ಯಾನು ಹಾಕಲಿಲ್ಲ. ಬೀಟ್‌ರೂಟ್ ಬೇಯಿಸಿದರು. ಮಕ್ಕಳು ಬಂದು ಚೀಲ ಇಳಿಸಿ ಕೂತರು. ಚಿಕ್ಕವಳು ತಟ್ಟೆ ನೋಡಿದವಳೇ ಕಿಟಕಿಯ ಕಡೆ ನೋಡಿದಳು. ದೊಡ್ಡವಳು ಒಂದು ಬಿಲ್ಲೆ ಎತ್ತಿ, ಹೆಬ್ಬೆರಳಿನಿಂದ ಒತ್ತಿ, ಬೆರಳನ್ನು ಬೆಳಕಿಗೆ ಹಿಡಿದಳು. ಬೆರಳು ಕೆಂಪಾಗಿತ್ತು, ಹೊಳೆಯುತ್ತಿರಲಿಲ್ಲ. ಬಾಯಿಗೆ ಹಾಕಿಕೊಂಡು ನೀರು ಕುಡಿಯದೆ ಕೊನೆಯವರೆಗೂ ಅಗಿದಳು.

"ಹೇಗಿದೆ?" ಎಂದು ಕೇಳುವಷ್ಟರಲ್ಲಿ ಕಾಗುಣಿತರ ದನಿ ಅರ್ಧಕ್ಕೆ ಇಳಿದಿತ್ತು.

"ಚೆನ್ನಾಗಿಲ್ಲ," ಅಂದಳು ಮಗಳು, ತಟ್ಟೆ ಮುಂದೆ ಹಿಡಿದು. "ಇನ್ನೊಂದು ಹಾಕು."